ಮುಚ್ಚಿಹೋದ ಫೋಲ್ಡರು

ಇದು ನಮ್ಮ ಅತ್ತಿಗೆಯ ತಂಗಿ ಪ್ರಕೃತಿಗೆ ಆದದ್ದು. ಆ ಬಾಗಿಲು ಹಾಕಿ ಬನ್ನಿ... ಹೇಳುತ್ತೇನೆ.

ಕೋಪರಖೈರಣೆ ಸ್ಟೇಷನ್ನಿನಿಂದ ಅವಳ ರೂಮಿಗೆ ಹೋಗುವ ದಾರಿಯಲ್ಲಿ ಹಳೇ ಊರಿನ ಬಾವಿಯೊಂದಿದೆ. ಬಾಯಿಗೆ ಕಬ್ಬಿಣದ ಜಾಲರಿ, ಅದರ ಮೇಲೆ ಯಾರೋ ಎಳೆದುಹಾಕಿದ ತಗಡು. ರಾತ್ರಿ ಹನ್ನೊಂದೂವರೆ ದಾಟಿತ್ತು. ಪ್ರಕೃತಿ ಅಳುತ್ತಾ ಬರುತ್ತಿದ್ದಳು. ರಕ್ತಪರೀಕ್ಷೆಯ ಲ್ಯಾಬೊಂದರ ಮೂರು ವರ್ಷದ ವರದಿಗಳು ಅವಳ ಸುಪರ್ದಿಯ ವರ್ಚುಯಲ್ ಮಷೀನಿನಿಂದ, ಅಂದರೆ ಆಫೀಸಿನ ಸರ್ವರಿನೊಳಗೇ ನಡೆಯುವ ಕಂಪ್ಯೂಟರಿನಿಂದ, ಮಾಯವಾಗಿದ್ದವು. ಬೆಳಿಗ್ಗೆ ಹತ್ತರೊಳಗೆ ಸಿಗದಿದ್ದರೆ ಕೆಲಸವೂ ಹೋಯಿತು, ಹೆಸರೂ ಹೋಯಿತು.

ಆ ಮಷೀನಿನಲ್ಲಿ 'ಲ್ಯಾಬ್' ಅಂತ ಒಂದು ಫೋಲ್ಡರು, ಅದರೊಳಗೆ 'ವರದಿ'. ಎರಡನ್ನೂ ಬೇರೆ ಬೇರೆ ಡಿಸ್ಕಿನಿಂದ ತಂದು ಮೌಂಟ್ ಮಾಡಿದ್ದು, ಅಂದರೆ ಅಲ್ಲಿಗೆ ಜೋಡಿಸಿದ್ದು. ಹೊರಗಿನದು ಮೊದಲು, ಒಳಗಿನದು ಆಮೇಲೆ. ತಿರುವುಮುರುವಾದರೆ ಹೊರಗಿನದು ಬಂದು ಒಳಗಿನದನ್ನು ಮುಚ್ಚಿ ಕೂರುತ್ತದೆ. ಇದ್ದರೂ ಕಾಣದು. "ಆರ್ಡರ್ ನಾನೇ ಚೆಕ್ ಮಾಡ್ದೆ, ಸರಿ ಇದೆ" ಎಂದಿದ್ದ ಮನೀಶ. ನಾಲ್ಕು ವರ್ಷದಿಂದ ಪಕ್ಕದ ಕುರ್ಚಿಯವನು, ಅವಳ ಡಬ್ಬಿಯಲ್ಲೇ ಉಂಡವನು. ಅವನ ಮಾತನ್ನು ಅವಳೇಕೆ ಅನುಮಾನಿಸುತ್ತಾಳೆ?

ಬಾವಿಯ ಹತ್ತಿರ ಬಂದಾಗ ಅವನದೇ ಫೋನು ಬಂತು.

"ಅಳ್ಬೇಡ ಯಾರ್. ಕೈತಪ್ಪಿ ಡಿಲೀಟ್ ಆಯ್ತು ಅಂತ ಒಪ್ಕೊಂಡ್ಬಿಡು. ನಾನಿದ್ದೀನಲ್ಲ."

ಫೋನಿಟ್ಟಳು. ಆಗ...

ಟಿಣ್... ಟಿಣ್.

ಉಂಗುರ ಕಬ್ಬಿಣಕ್ಕೆ ತಾಗಿದ ಸದ್ದು. ಎರಡೇ ಸಲ. ಅವಳು ಅಲ್ಲೇ ನಿಂತಳು. ಮೌಂಟ್ ಆದೊಡನೆ ಉಂಗುರದ ಬೆರಳಿನಿಂದ ಮೇಜಿನ ಕಬ್ಬಿಣದ ಕಾಲಿಗೆ ಎರಡು ಸಲ ಬಡಿಯುತ್ತಿದ್ದವರು ಚೆನ್ನಯ, ಅವಳಿಗೆ ಕೆಲಸ ಕಲಿಸಿದ ಮಂಗಳೂರಿನವರು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

"ಸರ್...?"

ತಗಡಿನ ಕೆಳಗಿನಿಂದ ಪಿಸುದನಿ. "ಅಡಿಯಲ್ಲುಂಟು ಮಾರಾಯ್ತಿ... ಮೇಲಿನದ್ದು ತೆಗಿ."

ಕಿರ್‍ರ್... ತಗಡು ಗೇಣುದ್ದ ಸರಿಯಿತು. ಗಾಳಿ ಇರಲಿಲ್ಲ.

ಓಡಿದಳು. ಚಪ್ಪಲಿ ಸಹಿತ ಮಂಚದ ಮೇಲೆ ಕೂತು, ಲ್ಯಾಪ್‌ಟಾಪ್ ತೆರೆದು, 'ಲ್ಯಾಬ್' ಅನ್ನು ಕಳಚಿದಳು. ಅಡಿಯಲ್ಲಿ ವರದಿಗಳೆಲ್ಲ ಇದ್ದವು, ಒಂದೂ ಕಡಿಮೆಯಿಲ್ಲದೆ. ಯಾರು ಏನು ಬದಲಿಸಿದರೆಂಬ ಪಟ್ಟಿಯನ್ನೂ ನೋಡಿದಳು. ಸಂಜೆ ನಾಲ್ಕು ಹತ್ತಕ್ಕೆ ಮೌಂಟಿನ ಕ್ರಮ ತಿರುಗಿಸಿದ್ದು ಮನೀಶ. ನಾಲ್ಕೂಕಾಲಿಗೆ ಅವಳಿಗೆ ಚಹಾ ತಂದುಕೊಟ್ಟದ್ದೂ ಅವನೇ.

ಬಾವಿಯ ಹತ್ತಿರಕ್ಕಿಂತ ಹೆಚ್ಚು ಹೆದರಿದ್ದು ಆಗ ನೋಡಿ. ಸತ್ತವರು ಎದ್ದು ಬಂದು ಸತ್ಯ ಹೇಳಬೇಕಾಯಿತು, ಜೊತೆಗೆ ಉಂಡವನು ಬೆನ್ನಿಗೆ ಚೂರಿ ಹಾಕಿದ್ದ. ಬೆಳಗಾಗುವವರೆಗೂ ಅತ್ತಳು.

ಬೆಳಿಗ್ಗೆ ಸಾಹೇಬರೆದುರು ಎಲ್ಲ ತೋರಿಸಿದಳು. ಮನೀಶ ಮುಖ ತಗ್ಗಿಸಲೂ ಇಲ್ಲ. "ನಿಂಗ್ಯಾರು ಹೇಳಿದ್ದು?" ಎಂದ, ಅಷ್ಟೇ.

ಇನ್ನೊಂದು ಉಳಿಯಿತು. ಯಾವುದೇ ಫೋಲ್ಡರಿನ ಮೇಲೆ ಮೌಂಟ್ ಮಾಡುವ ಮೊದಲು ಚೆನ್ನಯ ಅದರಲ್ಲಿ 'ಇಲ್ಲಿ ಏನೂ ಇಡಬೇಡಿ' ಎಂಬ ಖಾಲಿ ಫೈಲು ಬಿಡುತ್ತಿದ್ದರು. ಮೌಂಟ್ ಕಳಚಿದರೆ ಅದು ಕಾಣುತ್ತದೆ, ಗುರುತಿಗೆ. ಆ ರಾತ್ರಿಯೂ ಕಂಡಿತು. ಮಾಡಿದವರ ಹೆಸರಿರಬೇಕಾದ ಕಡೆ ಬರೀ ಸಂಖ್ಯೆ, 1017. ಅವರು ಸತ್ತಮೇಲೆ ಲಾಗಿನ್ ಅಳಿಸಿದ್ದರಲ್ಲ, ಹಾಗಾಗಿ ಹೆಸರು ಹೋಗಿ ಅವರ ಲಾಗಿನ್ ಸಂಖ್ಯೆಯಷ್ಟೇ ಉಳಿದಿತ್ತು. ಅದು ಸರಿಯೇ.

ಆದರೆ ಫೈಲಿನ ತಾರೀಕು ಅದೇ ರಾತ್ರಿಯದು. ಸಮಯ ಹನ್ನೊಂದು ನಲವತ್ತೆರಡು... ಅವಳು ಬಾವಿಯ ಹತ್ತಿರ ನಿಂತಿದ್ದ ಹೊತ್ತು. ಅವಳು ತೆಗೆದ ಆ ಪರದೆಯ ಫೋಟೋ ನನ್ನ ಮೊಬೈಲಿನಲ್ಲೇ ಇದೆ, ಬೇಕಾದರೆ ನೋಡಿ.