ಭಾನುವಾರದ ಮೀನಿನ ಸಾರು

ಹೊಸೂರು ಬಸ್ ನಿಲ್ದಾಣದಲ್ಲಿ ಸೂಳಗಿರಿ ಬಸ್ಸಿಗೆ ಕಾಯುತ್ತಿದ್ದ ರಾಮಕೃಷ್ಣಪ್ಪನ ಪಕ್ಕದಲ್ಲೇ ಒಬ್ಬರಿಗೊಬ್ಬರು ನೆರೆಮನೆಯವರಾದ ಇಬ್ಬರು ಹೆಂಗಸರು ಕೂತಿದ್ದರು. ಬಾಯಿಗೆ ಬೀಗ ಹಾಕಬಹುದು, ಕಿವಿಗೆ ಹಾಕಲಾದೀತೇ?

“ಕೆರೆ ಮೀನು ತಿನ್ಬಾರ್ದು ಅಂತ ಮೊನ್ನೆ ಬೋರ್ಡು ಹಾಕವ್ರೆ. ನಿಂಗೆ ಮೊದ್ಲೇ ಗೊತ್ತಿತ್ತಂತಲ್ಲ, ಸೆಲ್ವಿ?” ಎಂದಳು ಹಿರಿಯಳಾದ ಅಕ್ಕಯಮ್ಮ.

“ಎರಡು ವರ್ಷದಿಂದ ಗೊತ್ತಕ್ಕ. ನಮ್ಮೆಜಮಾನ್ರು ಹೇಳಿದ್ರು. ಅವ್ರ ಕಂಪ್ನಿ ಕೆಮಿಕಲ್ ನೀರು ಕೆರೆಗೇ ಬಿಡೋದು. ಆ ಕೆಮಿಕಲ್ಲು ಮೀನಿನ ಮೈ ಸೇರಿದ್ರೆ ಎಷ್ಟು ಬೇಯಿಸಿದ್ರೂ ಹೋಗಲ್ವಂತೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ಸುದ್ದಿ ಹಬ್ಬಿದ್ರೆ ಅವ್ರ ಕೆಲ್ಸ ಹೋಗ್ತಿತ್ತು.”

“ಭಾನುವಾರ ಭಾನುವಾರ ನಾನು ಮೀನಿನ ಸಾರು ಕೊಡ್ತಿದ್ನಲ್ಲೇ. ಬರೀ ಬಟ್ಲು ಕೊಡಬಾರ್ದು ಅಂತ ನೀನು ಹುರುಳಿಕಾಳು ತುಂಬಿ ವಾಪಸ್ ಕೊಡ್ತಿದ್ದೆ. ಸಾರು ಚೆನ್ನಾಗಿತ್ತು ಅಂತಿದ್ದೆ!”

“ತಪ್ಪಾಯ್ತಕ್ಕ.”

“ಏನ್ ಮಾಡ್ದೆ ಅದನ್ನ? ನಾಯಿಗೆ ಹಾಕ್ದ್ಯಾ?”

“ಇಲ್ಲಕ್ಕ. ಆವಾಗ ನಾಯಿ ಬಸ್ರಿ ಇತ್ತು, ಪಾಪ ಅನ್ನಿಸ್ತು. ಹಿತ್ತಲಲ್ಲಿ ಗುಂಡಿ ತೋಡಿ ಹೂತ್ಬುಡ್ತಿದ್ದೆ.”



“ನನ್ ಸೊಸೇನೂ ಬಸ್ರಿ ಇದ್ಲಲ್ಲೇ ಆವಾಗ.”

ಬಸ್ಸು ಬಂತು. ಸೆಲ್ವಿ ಮೊದಲು ಹತ್ತಿ, ಪಕ್ಕದ ಸೀಟಿಗೆ ಚೀಲವಿಟ್ಟು ಕಾದಳು. ಅಕ್ಕಯಮ್ಮ ಅವಳನ್ನು ದಾಟಿ ಮುಂದೆ ಹೋಗಿ, ಕಂಬಿ ಹಿಡಿದು ನಿಂತಳು.