ರಾಜಕಾಲುವೆ ಮೇಲಿನ ಮನೆ

ಹೆಗ್ಗನಹಳ್ಳಿ ಬಸ್ ಸ್ಟಾಪಿನಲ್ಲಿ ಪಾಪಮ್ಮನ ಪಕ್ಕಕ್ಕೆ ವಯಸ್ಸಾದ ಮೇಷ್ಟ್ರೊಬ್ಬರೂ ಎಳೆವಯಸ್ಸಿನ ಟೀಚರೊಬ್ಬಳೂ ಬಂದು ಕೂತರು. ಟೀಚರ ಮಡಿಲಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್ ಶೀಟಿತ್ತು.

“ನಮ್ಮ ಕ್ಲಾಸಿನ ಶಿವಾನಿ ಅಪ್ಪ ಸ್ಟಾಫ್ ರೂಮಲ್ಲೇ ನನ್ನ ಕಾಲಿಗೆ ಬಿದ್ಬಿಟ್ರು, ಸಾರ್.”

“ಯಾಕಮ್ಮಾ?”

“ಈ ಸಲ ಭೂಗೋಳದಲ್ಲಿ ಗಂಗಾ, ಗೋದಾವರಿ ಬಿಟ್ಟು ‘ನಮ್ಮೂರ ನೀರು’ ಅಂತ ಪಾಠ ಮಾಡ್ದೆ. ಹಳೇ ನಕ್ಷೆ ಮೇಲೆ ನಿಮ್ಮನೆ ಗುರುತು ಮಾಡಿ ಅಂದೆ.”

“ಒಳ್ಳೇದೇ ಅಲ್ವಾ?”

“ಇದ್ರಲ್ಲಿ ಶಿವಾನಿ ಮನೆ ಸರಿಯಾಗಿ ಮಳೆನೀರು ಹರಿಯೋ ರಾಜಕಾಲುವೆ ಮೇಲೇ ಬಂತು. ನಾಳೆ ಎಕ್ಸಿಬಿಷನ್‌ಗೆ ಬರೋ ಗೆಸ್ಟು, ಒತ್ತುವರಿ ಒಡೆಸೋ ಇಂಜಿನಿಯರು.”

“ಇದನ್ನ ಗೋಡೆಗೆ ಹಾಕ್ಬೇಡಿ, ಅಷ್ಟೇ.”

“ಹೆಡ್ ಮೇಡಂ ಆಗ್ಲೇ ಫೋಟೋ ತೆಗ್ದು ಆ ಇಂಜಿನಿಯರಿಗೆ ಕಳ್ಸಿದಾರೆ.”



“ಮಕ್ಕಳ ಕೆಲಸ, ಅಳತೆ ತಪ್ಪಿದೆ ಅಂತ ಹೇಳ್ಬಿಡಿ.”

“ಹೆಂಗೆ ಹೇಳ್ಲಿ ಸಾರ್? ನಾನೇ ಅವಳ ಮನೆ ಹತ್ರ ಹೋಗಿ ಟೇಪ್ ಹಿಡ್ದು ನೋಡಿ, ಮೂಲೇಲಿ ಬರ್ದು ಸೈನ್ ಹಾಕಿದೀನಿ. ‘ಅಳತೆ ಪಕ್ಕಾ ಇದೆ. ಮಾರ್ಕ್ಸು ಇಪ್ಪತ್ತಕ್ಕೆ ಇಪ್ಪತ್ತು.’”

ಬಸ್ಸು ಬಂತು. ಬಾಗಿಲಿನ ನೂಕುನುಗ್ಗಲಲ್ಲಿ ಶೀಟು ಮುದುರದಿರಲೆಂದು ಟೀಚರು ಅದನ್ನು ತಲೆಯ ಮೇಲೆತ್ತಿ ಹಿಡಿದು ಹತ್ತಿದ್ದನ್ನು ಪಾಪಮ್ಮ ನೋಡುತ್ತಲೇ ಇದ್ದಳು.