ಸೆರ್ವಾಳ ಸ್ಟಿಕ್ಕರ್

...ಮತ್ತೆ ಅದೇ ಫೋನು ಹಿಡ್ಕೊಂಡು ಕೂತಿದೀಯಲ್ಲೇ ಸೆರ್ವಾ. ಜೋಳದ ಕೆಂಕೆ ಮುದ್ದೆ ಆರಿಹೋಗ್ತಿದೆ, ಹುರಿದ ಮೀನಿನ ಜೊತೆ ಎರಡು ತುತ್ತಾದರೂ... ಬೇಡವಾ? ಬಿಡು.

ತಲೆ ಅಲ್ಲಾಡಿಸಬೇಡ. ನಾಳೆ ಶಾಲೆ ಶುರು, ನೀನು ಹೋಗಬೇಕು. ಫೋಟೊದಿಂದ ನಿನ್ನ ಅಳುಮುಖ ಕತ್ತರಿಸಿ ಸ್ಟಿಕ್ಕರ್ ಮಾಡಿದಾರೆ, ಸರಿ. ಹೊಸ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಯಾರು ಏನಂದರೂ ಅದನ್ನೇ ಹಾಕಿ ನಗ್ತಾರೆ, ಅದೂ ಸರಿ. ಎರಡು ವಾರ ನಗ್ತಾರೆ. ಆಮೇಲೆ ಇನ್ನೊಬ್ಬರ ಮುಖ ಸಿಗುತ್ತೆ.

ಹಾಗೆ ನೋಡಬೇಡ ಕಣೇ. ನನಗೆ ಜಡೆ ಹೆಣೆಯೋಕೆ ಬರುತ್ತೆ, ಸಮಾಧಾನ ಹೇಳೋಕೆ ಬರಲ್ಲ.

ಹುಡುಗಿಯರೆಲ್ಲ ಕೂದಲು ಗಿಡ್ಡ ಮಾಡಿಸೋದು ಶಾಲೆಯ ನಿಯಮ. ಈ ಕುಮಾಸಿ ಊರಲ್ಲಿ ನಾವೆಲ್ಲ ಹಾಗೇ ಓದಿದೋರು. ಪರೀಕ್ಷೆ ಮುಗಿದಾಗಿನಿಂದ ಆಸೆಪಟ್ಟು ಬೆಳೆಸಿದ್ದೆ, ಗೊತ್ತು. ಹೆಣೆದೋಳೂ ನಿನ್ನ ಅಮ್ಮನೇ, ಕತ್ತರಿಸಿದೋಳೂ ಅಮ್ಮನೇ.

ಫೋಟೊ ತೆಗೆದಿದ್ದು ಯಾರು ಅಂತ ಮೊದಲು ಪತ್ತೆಯಾಗಬೇಕು. ನಾನೇ ಬಂದು ಹೆಡ್‌ಮಿಸ್ಟ್ರೆಸ್ ಹತ್ರ ಮಾತಾಡ್ತೀನಿ. ಕೂದಲು ಕತ್ತರಿಸಿದ ದಿನ ನಮ್ಮ ಪಾರ್ಲರಿನಲ್ಲಿ ಸರದಿಗೆ ಕಾಯ್ತಾ ನಿನ್ನ ತರಗತಿಯ ಪೊಕುವಾ ಕೂತಿದ್ದಳಲ್ಲ, ಅವಳೇ ಇರಬೇಕು. ಅಲ್ವಾ?

ಯಾಕೆ ನನ್ನನ್ನೇ ದಿಟ್ಟಿಸ್ತಿದೀಯ?

...ಗೊತ್ತಾ ನಿನಗೆ?

ಕಣ್ಣು ಮುಚ್ಚಿ ಅಳ್ತಿದ್ದೆಯಲ್ಲ, ಗೊತ್ತಾಗಿಲ್ಲ ಅಂದ್ಕೊಂಡಿದ್ದೆ.

ಹೌದು. ನಾನೇ. ಫೋಟೊ ತೆಗೆದು ಪಾರ್ಲರಿನ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದೆ. ಶಾಲೆ ಹುಡುಗಿಯರಿಗೆ ಇಲ್ಲಿ ಚೆನ್ನಾಗಿ ಕತ್ತರಿಸ್ತೀವಿ ಅಂತ. ಒಂದು ಕಡೆ ಕತ್ತರಿಸಿದ ಜಡೆ, ಇನ್ನೊಂದು ಕಡೆ ನೀನು. ಅಳ್ತಿದ್ದದ್ದು ನಾನು ಗಮನಿಸಲಿಲ್ಲ... ಇಲ್ಲ, ಗಮನಿಸಿದ್ದೆ. ಮುದ್ದಾಗಿದೆ ಅನ್ನಿಸ್ತು. ಮಾರನೇ ದಿನ ಒಂಬತ್ತು ಹುಡುಗಿಯರು ಬಂದರು. ಹಾಗಾಗಿ ತೆಗೀಲಿಲ್ಲ.

ಮತ್ತೆ ನೀನು ಗುಂಪಿನಲ್ಲಿ, ಯಾರು ತೆಗೆದರೋ ಗೊತ್ತಿಲ್ಲ ಅಂತ ಬರೆದೆಯಲ್ಲ. ನನ್ನ ಮೇಲೆ ಬರಬಾರದು ಅಂತಲಾ?

ಏನಾದರೂ ಅನ್ನು ತಾಯಿ. ಬೈದುಬಿಡು.



ಇನ್ನೊಂದಿದೆ. ಮೊನ್ನೆ ನಮ್ಮ ಪಾರ್ಲರ್ ಹೆಂಗಸರ ಸಂಘದ ಗುಂಪಿಗೂ ಆ ಸ್ಟಿಕ್ಕರ್ ಬಂತು. ಇನ್ನೂರು ಜನ, ಯಾರ ಮಗು ಅಂತ ಯಾರಿಗೂ ಗೊತ್ತಿಲ್ಲ. ಎಲ್ಲರೂ ನಗ್ತಿದ್ದರು. ಅದು ನನ್ನ ಮಗಳು, ನಿಲ್ಲಿಸಿ ಅಂತ ಬರೆದೆ. ಕಳಿಸೋಕೆ ಮುಂಚೆ ಅಳಿಸಿದೆ.

ಆಮೇಲೆ... ನಾನೂ ಒಂದು ನಗುವ ಮುಖ ಹಾಕಿದೆ.